ಬಳ್ಳಿಯ ವಯಸ್ಸು ನೋಡಿ ಬಾಟಲಿ ಕೊಳ್ಳಿ

ದಕ್ಷಿಣ ಆಫ್ರಿಕಾದ ಕೆಲವು ವೈನ್ ಬಾಟಲಿಗಳ ಮೇಲೆ ಪುಟ್ಟದೊಂದು ಮುದ್ರೆ ಇರುತ್ತದೆ. ದ್ರಾಕ್ಷಿ ಕೊಯ್ದ ವರ್ಷ ಹೆಚ್ಚಿನ ಲೇಬಲ್‌ಗಳಲ್ಲಿ ಸಿಗುತ್ತದೆ. ಈ ಮುದ್ರೆಯಲ್ಲಿರುವುದು ಬಳ್ಳಿ ನೆಟ್ಟ ವರ್ಷ. 2018ರಲ್ಲಿ ಬಳಕೆಗೆ ಬಂದ ಈ ಗುರುತು ಸಿಗಬೇಕಾದರೆ ತೋಟಕ್ಕೆ ಕನಿಷ್ಠ 35 ವರ್ಷವಾಗಿರಬೇಕು. ಒಳಗಿರುವುದು ಶೆನಿನ್ ಬ್ಲಾಂಕ್ ಆಗಿದ್ದರಂತೂ ಬೆಲೆಗಿಂತ ಮೊದಲು ಕಣ್ಣು ಹೋಗಬೇಕಾದದ್ದು ಅಲ್ಲಿಗೇ.

ಫ್ರಾನ್ಸಿನ ಲ್ವಾರ್ ಕಣಿವೆಯ ಈ ತಳಿಯನ್ನು ಕೇಪ್ ಸೀಮೆಯ ರೈತರು ‘ಸ್ಟೀನ್’ ಎಂದು ಕರೆಯುತ್ತ ತಲೆಮಾರುಗಳಿಂದ ಬೆಳೆದರು. 1959ರಲ್ಲಿ ಲೀಬರ್‌ಸ್ಟೈನ್ ಎಂಬ ಅಗ್ಗದ, ಅರೆಸಿಹಿ ಬಿಳಿ ವೈನ್ ಮಾರುಕಟ್ಟೆಗೆ ಬಂತು. 1964ರ ಹೊತ್ತಿಗೆ ಅದರ ಮಾರಾಟ ವರ್ಷಕ್ಕೆ 3.1 ಕೋಟಿ ಲೀಟರ್! ಆ ಬೇಡಿಕೆಗೂ ಬ್ರಾಂದಿ ಭಟ್ಟಿಗೂ ಬೇಕಾಗಿ ಶೆನಿನ್ ತೋಟಗಳು ಎಲ್ಲೆಡೆ ಹಬ್ಬಿದವು.

ಕಾಲ ಬದಲಾಯಿತು. 1990ರ ದಶಕದಲ್ಲಿ ರಫ್ತಿನ ಬಾಗಿಲು ತೆರೆದಾಗ ಹೊರದೇಶದವರು ಕೇಳಿದ್ದು ಶಾರ್ಡನೆ, ಕ್ಯಾಬರ್ನೆ. ವಯಸ್ಸಾದ ಬಳ್ಳಿಯಲ್ಲಿ ಇಳುವರಿ ಕಡಿಮೆ, ದುಡ್ಡು ಸಿಗುತ್ತಿದ್ದುದು ತೂಕಕ್ಕೆ. ರೈತರು ಅವನ್ನು ಬುಡಸಹಿತ ಕಿತ್ತರು.

ಉಳಿದವನ್ನು ಹುಡುಕಿ ಹೊರಟವರು ರೋಸಾ ಕ್ರೂಗರ್. ವಕೀಲಿ ವೃತ್ತಿಯಿಂದ ದ್ರಾಕ್ಷಿ ಕೃಷಿಗೆ ಬಂದ ಈ ಮಹಿಳೆ 2002ರಿಂದ ಊರೂರು ಸುತ್ತಿ ಹಳೆಯ ತೋಟಗಳ ಪಟ್ಟಿ ಮಾಡಿದರು. 2016ರಲ್ಲಿ ಆ ಕೆಲಸ ಓಲ್ಡ್ ವೈನ್ ಪ್ರಾಜೆಕ್ಟ್ ಎಂಬ ಸಂಸ್ಥೆಯಾಯಿತು. ಅವರ ಲೆಕ್ಕಾಚಾರ ಸರಳ: ಹಳೆ ಬಳ್ಳಿಯ ಹಣ್ಣಿಗೆ ಒಳ್ಳೆಯ ಬೆಲೆ ಸಿಕ್ಕರೆ ಮಾತ್ರ ರೈತ ಅದನ್ನು ಉಳಿಸಿಕೊಳ್ಳುತ್ತಾನೆ.

ಸ್ವಾರ್ಟ್‌ಲ್ಯಾಂಡ್‌ನ ಪಾರ್ಡೆಬರ್ಗ್ ಬೆಟ್ಟದ ಇಳಿಜಾರಿನಲ್ಲಿ ಇಂಥ ತೋಟಗಳಿವೆ. ಚಪ್ಪರವಿಲ್ಲ, ತಂತಿಯಿಲ್ಲ. ತೊಡೆ ಗಾತ್ರದ ಗಂಟುಗಂಟಾದ ಕಾಂಡ, ಮೊಣಕಾಲೆತ್ತರದಲ್ಲಿ ಕವಲೊಡೆದ ನಾಲ್ಕಾರು ತೋಳುಗಳು, ಬುಡದಲ್ಲಿ ಪುಡಿಯಾದ ಗ್ರಾನೈಟ್ ಮರಳು. ಅನೇಕ ಕಡೆ ನೀರಾವರಿಯೂ ಇಲ್ಲ. ಆಳಕ್ಕಿಳಿದ ಬೇರು ಒಣ ಬೇಸಿಗೆಯಲ್ಲೂ ತೇವ ಹುಡುಕಿಕೊಳ್ಳುತ್ತದೆ, ದಪ್ಪ ಕಾಂಡದಲ್ಲಿ ಆಹಾರದ ದಾಸ್ತಾನಿರುತ್ತದೆ. ಗೊಂಚಲು ಕಡಿಮೆಯಾದ್ದರಿಂದ ರಸ ಗಟ್ಟಿ. ಹುಳಿ ಬಿಟ್ಟುಕೊಡದಿರುವುದು ಶೆನಿನ್‌ನ ಹುಟ್ಟುಗುಣ. ಸಕಾಲದಲ್ಲಿ ಕೊಯ್ದರೆ ಬಿಸಿಲ ಸೀಮೆಯಲ್ಲೂ ವೈನ್ ಚುರುಕಾಗಿಯೇ ಇರುತ್ತದೆ.

ಆ ಚುರುಕು ನಾಲಿಗೆಗೆ ತಿಳಿಯುತ್ತದೆ. ಮೊದಲ ಗುಟುಕಿಗೆ ಹಸಿರು ಸೇಬು, ನಿಂಬೆ ಸಿಪ್ಪೆ. ಬಾಯಿ ತುಂಬುವಾಗ ಪೇರ್ ಹಣ್ಣು, ಜೇನಿನ ಪರಿಮಳ, ಆದರೆ ಸಿಹಿಯಿಲ್ಲ. ನುಂಗಿದ ಮೇಲೆ ಉಪ್ಪಿನಂಥ ಒಂದು ಎಳೆ ಬಹಳ ಹೊತ್ತು ನಿಲ್ಲುತ್ತದೆ. ಎಳೆ ಬಳ್ಳಿಯ ಶೆನಿನ್‌ನಲ್ಲೂ ಹುಳಿ, ಹಣ್ಣು ಎರಡೂ ಇರಬಹುದು. ಈ ನಡುಭಾಗದ ತುಂಬುತನ ಮಾತ್ರ ಅಪರೂಪ. ಎಬೆನ್ ಸಾಡಿ ತಯಾರಿಸುವ ‘ಮೆವ್ರೋ ಕರ್ಸ್ಟನ್’ ಇದಕ್ಕೆ ಮೇಲ್ಪಂಕ್ತಿ. ಅದರ ಹಣ್ಣು ಬರುವುದು ಸ್ಟೆಲೆನ್‌ಬಾಷ್‌ನಲ್ಲಿ 1905ರಲ್ಲಿ ನೆಟ್ಟ ತೋಟದಿಂದ.

ನಾಶಿಕ್‌ನ ಶೆನಿನ್ ಕುಡಿದು ಬಲ್ಲವರಿಗೆ ಹೋಲಿಕೆ ಸುಲಭ. ಎರಡನ್ನೂ ಅಕ್ಕಪಕ್ಕ ಇಟ್ಟು ರುಚಿ ನೋಡಬೇಕು. ಹಳೆ ಬಳ್ಳಿಯದನ್ನು ಫ್ರಿಜ್‌ನಿಂದ ತೆಗೆದು ಕಾಲು ಗಂಟೆ ಹೊರಗಿಟ್ಟು, 10–12 ಡಿಗ್ರಿಗೆ ಬಂದ ಮೇಲೆ ಅಗಲ ಬಾಯಿಯ ಲೋಟಕ್ಕೆ ಸುರಿಯಬೇಕು. ತೀರಾ ತಣ್ಣಗಿದ್ದರೆ ಹುಳಿಯೊಂದೇ ಮುಂದಾಗಿ ಪರಿಮಳ ಅಡಗಿಬಿಡುತ್ತದೆ. ಜೊತೆಗೆ ಹುರಿದ ಮೀನು, ಸಿಗಡಿ ಒಪ್ಪುತ್ತದೆ, ಖಾರ ಹದವಾಗಿರಲಿ.