‘ಗೊಲ್ಗೊಥಾ’ದ ಗುಂಪು ಮತ್ತು ಒಬ್ಬೊಬ್ಬರು

ಮಂಜೇಶ್ವರದ ಗೋವಿಂದ ಪೈಗಳು 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಬಂದಿದ್ದರೆಂಬುದು ನಮ್ಮ ಹಿರಿಯರಿಗೆ ತಿಳಿದ ವಿಷಯ. ಯೇಸುವಿನ ಕಡೆಯ ದಿನವನ್ನು ಕುರಿತ ಅವರ ‘ಗೊಲ್ಗೊಥಾ’ (1937) ಖಂಡಕಾವ್ಯವನ್ನು ಈಚೆಗೆ ಮತ್ತೊಮ್ಮೆ ಓದಿದೆ. ಭಾಷೆ ಕಠಿಣ, ನಿಘಂಟು ಪಕ್ಕದಲ್ಲಿರಬೇಕು. ಆದರೆ ಈ ಸಲ ನನ್ನನ್ನು ತಡೆದು ನಿಲ್ಲಿಸಿದ್ದು ಭಾಷೆಯಲ್ಲ, ಒಂದು ಪ್ರಶ್ನೆ: ಆ ದಿನದ ಪಾಪ ಯಾರ ತಲೆಗೆ? ದೇವರು ಲೆಕ್ಕ ಕೇಳುವುದು ಜನಾಂಗವನ್ನೋ, ಮನುಷ್ಯನನ್ನೋ?

ಮತ್ತಾಯನ ಸುವಾರ್ತೆಯಲ್ಲಿ ಪಿಲಾತನು ಕೈ ತೊಳೆದುಕೊಳ್ಳುತ್ತಾನೆ. ನೆರೆದ ಜನ ಆ ರಕ್ತದ ಹೊಣೆಯನ್ನು ತಮ್ಮ ಮೇಲೂ ಮಕ್ಕಳ ಮೇಲೂ ಎಳೆದುಕೊಳ್ಳುತ್ತಾರೆ. ಈ ಮಾತನ್ನು ಹಿಡಿದು ಯೂರೋಪಿನಲ್ಲಿ ಶತಮಾನಗಳ ಕಾಲ ಯೆಹೂದ್ಯರನ್ನು ಕಾಡಿದರು. ಆ ದೋಷವನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಕೂಡದೆಂದು ಎರಡನೆಯ ವ್ಯಾಟಿಕನ್ ಸಭೆ ಸಾರಿದ್ದು 1965ರಲ್ಲಿ, ಪೈಗಳ ಕಾವ್ಯ ಬಂದು 28 ವರ್ಷಗಳಾದ ಮೇಲೆ.

ನಮ್ಮ ಭಾಷೆಯ ಒಂದು ತೊಡಕನ್ನೂ ಇಲ್ಲಿ ಹೇಳಬೇಕು. ‘ಯೆಹೂದ್ಯರು ಕೂಗಿದರು’ ಎಂದರೆ ಅಂಗಳದಲ್ಲಿ ನಿಂತ ಕೆಲವರೋ, ಇಡೀ ಕುಲವೋ? ಬಹುವಚನ ಬಾಯಿ ಬಿಡುವುದಿಲ್ಲ. ‘ಮದ್ರಾಸಿಗಳು’ ಎಂಬ ಬಹುವಚನವನ್ನು ಹೊತ್ತವರು ನಾವು. 1960ರ ದಶಕದಲ್ಲಿ ಈ ಊರಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಹೋಟೆಲಿನ ಮಾಣಿಗೂ ಕಚೇರಿಯ ಟೈಪಿಸ್ಟನಿಗೂ ಅದೊಂದೇ ಹೆಸರು.

ಪೈಗಳು ಒಂದೇ ದಿನವನ್ನು ಆರಿಸಿಕೊಂಡದ್ದು ಕಾವ್ಯದ ದೊಡ್ಡ ಬಲವೆಂದು ನನ್ನ ಅಭಿಪ್ರಾಯ. ಒಂದು ದಿನದೊಳಗೆ ಜನಾಂಗ ಏನನ್ನೂ ಮಾಡುವುದಿಲ್ಲ, ಮನುಷ್ಯರು ಮಾಡುತ್ತಾರೆ. ಸುವಾರ್ತೆಯ ಆ ದಿನ ಮೂರು ಸಲ ಅರಿಯೆನೆಂದ ಪೇತ್ರನೂ ಯೆಹೂದ್ಯ, ಶವವನ್ನು ಬೇಡಿ ಪಡೆದು ಸಮಾಧಿ ಮಾಡಿದ ಅರಿಮಥಾಯದ ಯೋಸೇಫನೂ ಯೆಹೂದ್ಯ, ಶಿಲುಬೆಯ ಬಳಿ ನಿಂತ ತಾಯಿಯೂ ಯೆಹೂದ್ಯಳೇ. ಮೆಮೋ ಇಡೀ ಸೆಕ್ಷನ್ನಿಗೆ ಬರಬಹುದು. ಸರ್ವಿಸ್ ಬುಕ್ ಮಾತ್ರ ಒಬ್ಬೊಬ್ಬನದು.

ಆದರೂ ಪ್ರಶ್ನೆ ಅಷ್ಟು ಸುಲಭವಲ್ಲ. ಹಳೆಯ ಒಡಂಬಡಿಕೆಯ ದೇವರು ಅಬ್ರಹಾಮನ ಸಂತತಿಯನ್ನು ಒಟ್ಟಾಗಿ ಕರೆಯುತ್ತಾನೆ. ನಿನೆವೆಯನ್ನು ಊರಿಗೆ ಊರೇ ಕ್ಷಮಿಸುತ್ತಾನೆ. ಯೇಸುವೇ ಜೆರೂಸಲೇಮಿನ ಮುಂದಿನ ನಾಶವನ್ನು ನೆನೆದು ಅತ್ತನೆಂದು ಲೂಕನು ಬರೆದಿದ್ದಾನೆ. ಕ್ರಿ.ಶ. 70ರಲ್ಲಿ ರೋಮನರು ಆ ನಗರವನ್ನು ಕೆಡವಿದಾಗ ಅದನ್ನು ದೈವದಂಡನೆಯೆಂದವರು ಬಹಳ. ಅಲ್ಲಿ ಸತ್ತ ಮಕ್ಕಳು ಪಿಲಾತನ ಕಾಲಕ್ಕೆ ಹುಟ್ಟಿರಲೇ ಇಲ್ಲವಲ್ಲ! ತಂದೆಗಳು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುವುದೆಂಬ ಗಾದೆಯನ್ನು ಇನ್ನು ಆಡಕೂಡದೆಂದು ಯೆಹೆಜ್ಕೇಲನ ಗ್ರಂಥದಲ್ಲಿ ದೇವರೇ ಹೇಳುತ್ತಾನೆ. ಕರೆ ಜನಾಂಗಕ್ಕೆ ಬರಲಿ, ಲೆಕ್ಕ ಒಬ್ಬೊಬ್ಬನದೇ ಎಂದು ನಾನು ಓದಿಕೊಂಡಿದ್ದೇನೆ.

ಯೆಹೂದ್ಯರೆಂದರೆ ಎಲ್ಲೋ ದೂರದವರೆಂದು ತಿಳಿಯಬೇಕಿಲ್ಲ. ಮಸ್ಜಿದ್ ಸ್ಟೇಷನ್ನಿನ ಹತ್ತಿರ 1796ರಲ್ಲಿ ಸ್ಥಾಪನೆಯಾದ ಬೆನೆ ಇಸ್ರೇಲರ ಪ್ರಾರ್ಥನಾ ಮಂದಿರವಿದೆ. ಅದರ ಹೆಸರಿಗೆ ಕರುಣೆಯ ಬಾಗಿಲೆಂದು ಅರ್ಥ. ಸ್ಥಾಪಿಸಿದ ದಿವೇಕರ್ ಮೈಸೂರಿನ ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕಿ ಬಿಡುಗಡೆಯಾದವನು. ಈ ಜನರ ಪರಂಪರೆಯ ಪ್ರಕಾರ ಅವರ ಪೂರ್ವಜರು ಹಡಗೊಡೆದು ಕೊಂಕಣದ ನವಗಾಂವ್ ತೀರಕ್ಕೆ ಬಂದದ್ದು ಕ್ರಿಸ್ತ ಹುಟ್ಟುವುದಕ್ಕೂ ಮುಂಚೆ. ಆ ಲೆಕ್ಕದಲ್ಲಿ, ಪಿಲಾತನ ಅಂಗಳದಲ್ಲಿ ಕೂಗೆದ್ದಾಗ ಅವರು ಇಲ್ಲಿ ಎಣ್ಣೆಗಾಣ ಆಡಿಸುತ್ತಿದ್ದರು.