ಕಥನ ಗಾಯನ ಮತ್ತು ಉತ್ಸವದ ವೇದಿಕೆ: ಮಾದೇಶ್ವರ ಕಾವ್ಯವನ್ನು ಮುಂದಿಟ್ಟುಕೊಂಡು ಕೆಲವು ವಿಚಾರಗಳು

ಜನಪದ ಕಲೆಗಳನ್ನು ಮೂಲ ನೆಲೆಯಿಂದ ಉತ್ಸವದ ವೇದಿಕೆಗೆ ತರುವ ಕಾರ್ಯ ಕರ್ನಾಟಕದಲ್ಲಿ ಹಲವು ದಶಕಗಳಿಂದ ನಡೆದುಬಂದಿದೆ. ಕಲಾವಿದರಿಗೆ ಸಂಭಾವನೆ, ಕಲೆಗೆ ಮನ್ನಣೆ, ನಗರದ ಪ್ರೇಕ್ಷಕರಿಗೆ ಪರಿಚಯ ಇವು ಅದರ ನಿರ್ವಿವಾದ ಫಲಗಳು. ಆದರೆ ಇಂತಹ ಪ್ರದರ್ಶನಗಳ ಸಂಘಟನೆಯಿಂದ ಕಲಿಯಬೇಕಾದ ಪಾಠಗಳೇನು ಎಂಬ ಪ್ರಶ್ನೆಯೂ ವಿಮರ್ಶೆಯ ವ್ಯಾಪ್ತಿಗೆ ಸೇರಬೇಕು. ಈ ದೃಷ್ಟಿಯಿಂದ ಮಲೆಯ ಮಾದೇಶ್ವರ ಕಾವ್ಯದ ಗಾಯನ ಪರಿಶೀಲನಾರ್ಹವಾಗಿದೆ.

ಚಾಮರಾಜನಗರ, ಮೈಸೂರು, ಮಂಡ್ಯ ಸೀಮೆಗಳಲ್ಲಿ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಈ ಕಾವ್ಯ 'ಸಾಲು'ಗಳಾಗಿ ಹರಡಿಕೊಂಡಿದೆ. ಮುಖ್ಯ ಗಾಯಕ ಗದ್ಯದಲ್ಲಿ ಕಥೆ ಬೆಳೆಸುತ್ತಾನೆ, ಪದ್ಯದಲ್ಲಿ ಅದನ್ನು ಎತ್ತಿ ನಿಲ್ಲಿಸುತ್ತಾನೆ. ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ, ಹೂಂಗುಟ್ಟುತ್ತಾರೆ. ಹರಕೆ ಹೊತ್ತ ಮನೆಯಂಗಳದಲ್ಲಿ ಅಥವಾ ಜಾತ್ರೆಯಲ್ಲಿ ರಾತ್ರಿಯುದ್ದಕ್ಕೂ ಸಾಗುವ ಈ ಗಾಯನದಲ್ಲಿ ಕೇಳುಗರು ಕಥೆಯನ್ನು ಮೊದಲೇ ಬಲ್ಲವರು. ಅವರು ಕಾಯುವುದು ಕಥೆ ಬಿಚ್ಚಿಕೊಳ್ಳುವ ಬಗೆಗಾಗಿ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಠ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾದೆಮಿ 2001ರಲ್ಲಿ ಪ್ರಕಟಿಸಿತು. ಆ ಗ್ರಂಥದ ಗಾತ್ರವೇ ಈ ಗಾಯನದ ಹರಹನ್ನು ಸೂಚಿಸುತ್ತದೆ.

ಉತ್ಸವದ ವೇದಿಕೆ ಇದೇ ತಂಡಕ್ಕೆ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ನಿಮಿಷಗಳನ್ನು ನೀಡುತ್ತದೆ. ಅಷ್ಟರಲ್ಲಿ ಎದ್ದು ಕಾಣುವುದು ಬೀಸು ಕಂಸಾಳೆ. ಅದರ ವೇಗ, ಚಮತ್ಕಾರ, ದೇಹದ ಬಾಗುಬಳುಕು ದೂರದ ಪ್ರೇಕ್ಷಕನನ್ನೂ ಸೆಳೆಯುತ್ತವೆ. ಬೀಸು ಕಂಸಾಳೆಯೂ ಇದೇ ಪರಂಪರೆಯ ಕವಲು. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಆದರೆ ಕುಳಿತು ಕಥೆ ಹೇಳುವ ಗಾಯಕ ಕ್ರಮೇಣ ಅದರ ನೆರಳಿಗೆ ಸರಿಯುತ್ತಾನೆ. ವೇದಿಕೆ ಕೇಳದ ಸಾಲುಗಳನ್ನು ಶಿಷ್ಯ ಏಕೆ ಕಲಿಯಬೇಕು? ಉಳಿಸಲೆಂದು ಹೊರಟ ಉತ್ಸವವೇ ಕಾವ್ಯದ ಮರೆವಿಗೆ ದಾರಿಯಾಗುವ ಅಪಾಯ ಇಲ್ಲಿದೆ.

ಸಂಕಮ್ಮನ ಸಾಲು ಇದಕ್ಕೆ ತಕ್ಕ ನಿದರ್ಶನ. ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯಿಂದ ಬಲಗೈ ಭಾಷೆ ಬೇಡುತ್ತಾನೆ, ಸಂಕಮ್ಮ ಕೊಡಲೊಪ್ಪುವುದಿಲ್ಲ. ಆಕೆಯ ನಿರಾಕರಣೆ, ಅದಕ್ಕಾಗಿ ಅನುಭವಿಸುವ ಹಿಂಸೆ, ಮಾದೇಶ್ವರನ ಆಗಮನ, ಕಾರಯ್ಯ ಬಿಲ್ಲಯ್ಯರ ಜನನ ಇವು ಒಂದಕ್ಕೊಂದು ಹೆಣೆದುಕೊಂಡಿವೆ. ಅವಸರದಲ್ಲಿ ಕತ್ತರಿಸಿದರೆ ಪವಾಡ ಉಳಿಯುತ್ತದೆ, ಸಂಕಮ್ಮನ ವಾದ ಹೋಗುತ್ತದೆ. ಗಂಡನ ಸಂಶಯವನ್ನು ಮಾತಿನಿಂದ ಎದುರಿಸಿದ ಹೆಣ್ಣು ದೇವರ ಕರುಣೆಗೆ ಕಾಯುವ ದೀನೆಯಾಗಿ ಮಾತ್ರ ಕಾಣುತ್ತಾಳೆ. ಕಾಲದ ಕಡಿತ ಹೀಗೆ ಅರ್ಥದ ಕಡಿತವೂ ಆಗುತ್ತದೆ.

ಹಾಗೆಂದು ಅಹೋರಾತ್ರಿ ಗಾಯನವೊಂದೇ ಶುದ್ಧವೆಂದು ಹಟ ಹಿಡಿಯುವುದೂ ಸಾಧುವಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಕೆಗೆ ನಿರ್ಬಂಧವಿದೆ. ಪ್ರೇಕ್ಷಕರ ದಿನಚರಿಯೂ ಬದಲಾಗಿದೆ. ಮೇಲಾಗಿ ಹಿಗ್ಗಿಸುವುದು, ಕುಗ್ಗಿಸುವುದು ಮೌಖಿಕ ಪರಂಪರೆಗೆ ಹೊಸತಲ್ಲ. ಕೇಳುಗರ ಒಲವು, ಸಂದರ್ಭದ ಅಗತ್ಯ ನೋಡಿ ಕಥೆಯನ್ನು ಅಳೆದು ಕೊಡುವುದು ನುರಿತ ಗಾಯಕನ ವಿದ್ಯೆಯೇ ಆಗಿದೆ. ಆಕ್ಷೇಪವಿರುವುದು ಕಾಲಮಿತಿಯ ಬಗ್ಗೆ ಅಲ್ಲ. ಆ ಮಿತಿಯೊಳಗಿನ ಆಯ್ಕೆಯನ್ನು ಗಾಯಕನ ಕೈಯಿಂದ ಕಿತ್ತುಕೊಳ್ಳುವುದರ ಬಗ್ಗೆ.

ಇದರಿಂದ ಕೆಲವು ಪಾಠಗಳು ಒದಗುತ್ತವೆ. ಹತ್ತು ತಂಡಗಳಿಗೆ ಇಪ್ಪತ್ತು ನಿಮಿಷ ಹಂಚುವುದಕ್ಕಿಂತ ಎರಡು ತಂಡಗಳಿಗೆ ಒಂದೊಂದು ಸಾಲು ಪೂರ್ತಿ ಹಾಡುವ ಅವಕಾಶ ಕೊಡುವುದು ಲೇಸು. ಯಾವ ಸಾಲು, ಎಷ್ಟು ಹೊತ್ತು ಎಂಬುದನ್ನು ಆಹ್ವಾನದ ಹಂತದಲ್ಲಿಯೇ ಗಾಯಕರೊಡನೆ ಚರ್ಚಿಸಬೇಕು. ವೇದಿಕೆಯ ಪಕ್ಕದಲ್ಲಿ ನಿಂತು ಚೀಟಿ ಕಳಿಸಬಾರದು. ಮೈಕು ಮುಖ್ಯ ಗಾಯಕನಿಗೆ ಮಾತ್ರ ಸಾಲದು. ಸೊಲ್ಲು ಕೇಳಿಸದಿದ್ದರೆ ಕಾವ್ಯದ ಅರ್ಧ ಉಸಿರು ನಿಂತಂತೆ. ಎತ್ತರದ ರಂಗಕ್ಕಿಂತ ಕೇಳುಗರು ಸುತ್ತುವರಿದು ಕೂರುವ ಜಗಲಿ ಈ ಗಾಯನಕ್ಕೆ ಹೆಚ್ಚು ಒಗ್ಗುತ್ತದೆ. ಕಥೆ ತಿಳಿಯದ ಪ್ರೇಕ್ಷಕರಿಗೆ ಐದು ನಿಮಿಷಗಳ ಪೀಠಿಕೆ ಬೇಕು. ಆದರೆ ಅದು ಗಾಯಕನ ಸಮಯವನ್ನು ನುಂಗುವ ಭಾಷಣವಾಗಬಾರದು.

ಉತ್ಸವದ ಯಶಸ್ಸನ್ನು ತಂಡಗಳ ಸಂಖ್ಯೆಯಿಂದ, ನೆರೆದ ಜನರಿಂದ ಅಳೆಯುವುದು ಸುಲಭ. ಸಂಕಮ್ಮ ತನ್ನ ಮಾತನ್ನು ಪೂರ್ತಿ ಆಡಿದಳೇ ಎಂದು ಕೇಳುವುದು ಕಷ್ಟ. ಜಾನಪದ ಅಧ್ಯಯನ ಸಂಘಟಕರ ಮುಂದಿಡಬೇಕಾದ ಅಳತೆಗೋಲು ಈ ಎರಡನೆಯದೇ.