ಅಡಿಪಾಯ ಉಳಿಸದ ರಂಗ: ಎಲಿಜಬೆತ್ ಯುಗದ ನಾಟಕಶಾಲೆ ಮತ್ತು ಹೂಡಿ ಸೀಮೆಯ ಬಯಲಾಟ

ಶೇಕ್ಸ್‌ಪಿಯರನ ರಂಗಭೂಮಿಗೂ ಕನ್ನಡದ ಬಯಲಾಟಕ್ಕೂ ಹೋಲಿಕೆಯುಂಟೆಂಬ ಮಾತು ಕನ್ನಡ ರಂಗವಿಮರ್ಶೆಗೆ ಹೊಸದಲ್ಲ. ಎರಡೂ ಕಡೆ ದೃಶ್ಯಸಜ್ಜಿಕೆ ವಿರಳ. ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುತ್ತಿದ್ದರು. ಕಾಲದೇಶಗಳನ್ನು ಮಾತೇ ಕಟ್ಟಿಕೊಡುತ್ತಿತ್ತು. ಇಷ್ಟನ್ನು ಹೇಳಿ ಹೋಲಿಕೆ ಸಾಮಾನ್ಯವಾಗಿ ನಿಂತುಬಿಡುತ್ತದೆ. ಹೋಲಿಕೆಯಿಂದ ಬಯಲಾಟಕ್ಕೆ ಗೌರವ ಸಂದಿತೆಂಬ ಸಮಾಧಾನವಷ್ಟೇ ಉಳಿಯುತ್ತದೆ, ಆ ಎರಡು ರಂಗಗಳು ನಿಜವಾಗಿ ಹೇಗೆ ನಡೆಯುತ್ತಿದ್ದವೆಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಪ್ರಸ್ತುತ ಲೇಖನವು ಈ ಹೋಲಿಕೆಯನ್ನು ಮರುಪರಿಶೀಲಿಸುತ್ತದೆ. ಇದಕ್ಕೆ ಆರಿಸಿಕೊಂಡ ನೆಲ ಬೆಂಗಳೂರಿನ ಪೂರ್ವದ ಹೂಡಿ ಸೀಮೆ. ಲಂಡನ್ನಿನ ನಾಟಕಶಾಲೆಗಳು ನಗರದ ಅಂಚಿನಲ್ಲಿ ಹುಟ್ಟಿದವು. ಹೂಡಿಯೂ ಮಹಾನಗರವೊಂದರ ಅಂಚಿನಲ್ಲಿದ್ದು ಅದರೊಳಗೆ ಸೇರಿಹೋದ ಊರು. ಈ ಸಾಮ್ಯದ ಒಳಗೇ ಇರುವ ವ್ಯತ್ಯಾಸವನ್ನು ಗುರುತಿಸಿದಾಗ ಹೋಲಿಕೆಗೆ ಅರ್ಥ ಬರುತ್ತದೆ.

1. ಲಂಡನ್ನಿನ ನಾಟಕಶಾಲೆ: ಕಟ್ಟಡ ಮತ್ತು ವ್ಯವಹಾರ

ಇಂಗ್ಲೆಂಡಿನಲ್ಲಿ 1572ರ ಶಾಸನವೊಂದು ಶ್ರೀಮಂತ ಪ್ರಭುಗಳ ಆಶ್ರಯವಿಲ್ಲದ ನಟರನ್ನು ಅಲೆಮಾರಿಗಳ ಸಾಲಿಗೆ ಸೇರಿಸಿತು. ಲಂಡನ್ ನಗರದ ಆಡಳಿತಕ್ಕೆ ನಾಟಕವೆಂದರೆ ಗಲಭೆ, ಸೋಂಕು, ಸೋಮಾರಿತನಗಳ ನೆಲೆ. ಈ ಒತ್ತಡದ ನಡುವೆ ಜೇಮ್ಸ್ ಬರ್ಬೇಜ್ 1576ರಲ್ಲಿ ನಗರದ ಅಧಿಕಾರ ನಡೆಯದ ಶೋರ್‌ಡಿಚ್‌ನಲ್ಲಿ 'ದಿ ಥಿಯೇಟರ್' ಎಂಬ ನಾಟಕಶಾಲೆಯನ್ನು ಕಟ್ಟಿದನು. ಮರುವರ್ಷ ಅದರ ಸಮೀಪದಲ್ಲೇ 'ಕರ್ಟನ್' ಬಂದಿತು. ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ 1587ರಲ್ಲಿ 'ರೋಸ್', 1595ರ ಸುಮಾರಿಗೆ 'ಸ್ವಾನ್', 1599ರಲ್ಲಿ 'ಗ್ಲೋಬ್' ತಲೆಯೆತ್ತಿದವು.

ಗ್ಲೋಬ್ ಹುಟ್ಟಿದ ಬಗೆಯೇ ಆ ಕಾಲದ ರಂಗವ್ಯವಹಾರವನ್ನು ತಿಳಿಸುತ್ತದೆ. 'ದಿ ಥಿಯೇಟರ್' ನಿಂತಿದ್ದ ನೆಲ ಗುತ್ತಿಗೆಯದು. 21 ವರ್ಷಗಳ ಗುತ್ತಿಗೆ ಮುಗಿದು, ನೆಲದ ಒಡೆಯನೊಡನೆ ಒಪ್ಪಂದ ಕುದುರದೆ ಹೋದಾಗ, 1598ರ ಡಿಸೆಂಬರಿನಲ್ಲಿ ಬರ್ಬೇಜನ ಮಕ್ಕಳು ಕಟ್ಟಡದ ಮರಮುಟ್ಟುಗಳನ್ನು ಬಿಚ್ಚಿಸಿದರು. ಅವುಗಳನ್ನು ನದಿಯಾಚೆಗೆ ಸಾಗಿಸಿ ಗ್ಲೋಬನ್ನು ಕಟ್ಟಿದರು. ಹೊಸ ನಾಟಕಶಾಲೆಯ ಅರ್ಧ ಪಾಲು ಬರ್ಬೇಜ್ ಸಹೋದರರದು. ಉಳಿದರ್ಧ ಶೇಕ್ಸ್‌ಪಿಯರನನ್ನೂ ಒಳಗೊಂಡ ಐವರು ನಟರದು. ನಟರೇ ಕಟ್ಟಡದ ಪಾಲುದಾರರಾದದ್ದು ಇಲ್ಲಿಯ ವಿಶೇಷ.

ಕಟ್ಟಡದ ಸ್ವರೂಪವನ್ನು ತಿಳಿಯಲು ಎರಡು ದಾಖಲೆಗಳು ಮುಖ್ಯ ಆಧಾರ. ಒಂದು, 1596ರ ಸುಮಾರಿಗೆ ಡಚ್ ಪ್ರವಾಸಿ ಯೋಹಾನೆಸ್ ಡಿ ವಿಟ್ ಬರೆದ ಸ್ವಾನ್ ನಾಟಕಶಾಲೆಯ ಚಿತ್ರ. ಮೂಲ ಕಳೆದುಹೋಗಿ, ಆತನ ಮಿತ್ರ ಮಾಡಿಕೊಂಡ ನಕಲು ಮಾತ್ರ ಉಳಿದಿದೆ. ಇನ್ನೊಂದು, 1600ರಲ್ಲಿ 'ಫಾರ್ಚೂನ್' ನಾಟಕಶಾಲೆಗಾಗಿ ಬಡಗಿಯೊಡನೆ ಮಾಡಿಕೊಂಡ ಕರಾರುಪತ್ರ. ಅದರಂತೆ ಫಾರ್ಚೂನ್ ಹೊರಗಡೆ 80 ಅಡಿ, ಒಳಗಡೆ 55 ಅಡಿ ಅಳತೆಯ ಚೌಕ. ರಂಗದ ಅಗಲ 43 ಅಡಿ. ರಂಗವು ಅಂಗಳದ ನಡುವಿನವರೆಗೆ ಮುಂಚಾಚಬೇಕು. ಸುತ್ತ ಮೂರು ಅಂತಸ್ತಿನ ಮೊಗಸಾಲೆ, ನಡುವೆ ಮೇಲ್ಛಾವಣಿಯಿಲ್ಲದ ಅಂಗಳ. ಒಂದು ಪೆನ್ನಿ ಕೊಟ್ಟವರು ಅಂಗಳದಲ್ಲಿ ನಿಂತು ನೋಡುತ್ತಿದ್ದರು; ಇನ್ನೊಂದು ಪೆನ್ನಿ ಕೊಟ್ಟವರಿಗೆ ಮೊಗಸಾಲೆಯಲ್ಲಿ ಆಸನ ದೊರೆಯುತ್ತಿತ್ತು. ಆಟ ಮಧ್ಯಾಹ್ನದ ಹಗಲಿನಲ್ಲೇ ನಡೆಯುತ್ತಿದ್ದುದರಿಂದ ನಟನ ಮೇಲೂ ಪ್ರೇಕ್ಷಕನ ಮೇಲೂ ಬೀಳುತ್ತಿದ್ದುದು ಒಂದೇ ಬೆಳಕು.

ಇದರ ಒಳನಡೆಯೂ ಗಮನಾರ್ಹ. ನಟನಿಗೆ ಇಡೀ ನಾಟಕದ ಪ್ರತಿ ಸಿಗುತ್ತಿರಲಿಲ್ಲ. ತನ್ನ ಮಾತುಗಳು ಮತ್ತು ಪ್ರತಿ ಮಾತಿಗೆ ಮುನ್ನ ಬರುವ ಎದುರುಪಾತ್ರದ ಕೊನೆಯ ಕೆಲವು ಪದಗಳಿರುವ ಸುರುಳಿ ಮಾತ್ರ ಆತನ ಕೈಗೆ ಬರುತ್ತಿತ್ತು. ರೋಸ್ ನಾಟಕಶಾಲೆಯ ಒಡೆಯ ಫಿಲಿಪ್ ಹೆನ್ಸ್‌ಲೋನ ಲೆಕ್ಕದ ಪುಸ್ತಕ ಉಳಿದಿರುವುದರಿಂದ, ತಂಡವು ವಾರದ ಬಹುಪಾಲು ದಿನಗಳಲ್ಲಿ ಆಡುತ್ತಿತ್ತು, ಸಾಮಾನ್ಯವಾಗಿ ದಿನಕ್ಕೊಂದು ಬೇರೆ ನಾಟಕವನ್ನು ಎತ್ತಿಕೊಳ್ಳುತ್ತಿತ್ತು ಎಂಬುದು ತಿಳಿದುಬಂದಿದೆ. ವೇಷಭೂಷಣಕ್ಕೆ ಕೊಟ್ಟ ಹಣ, ಕವಿಗೆ ಕೊಟ್ಟ ಮುಂಗಡ, ದಿನದ ವಸೂಲಿ ಎಲ್ಲವೂ ಆ ಪುಸ್ತಕದಲ್ಲಿವೆ.

2. ಬಯಲಿನ ರಂಗ: ಸಾಮ್ಯ

ದಕ್ಷಿಣ ಕರ್ನಾಟಕದ ಬಯಲಾಟವಾದ ಮೂಡಲಪಾಯದ ಪ್ರಸಾರಕ್ಷೇತ್ರದಲ್ಲಿ ತುಮಕೂರು, ಮಂಡ್ಯ, ಹಾಸನ ಸೀಮೆಗಳೊಂದಿಗೆ ಬೆಂಗಳೂರಿನ ಗ್ರಾಮಾಂತರ ಪ್ರದೇಶವೂ ಸೇರುತ್ತದೆ. ಕೋಲಾರದ ಕಡೆಗೆ ಸಾಗಿದಂತೆ ತೆಲುಗಿನ ಸಂಪರ್ಕವುಳ್ಳ 'ಕೇಳಿಕೆ' ಎದುರಾಗುತ್ತದೆ. ಬೆಂಗಳೂರಿನಿಂದ ಜೋಲಾರಪೇಟೆಯತ್ತ ಹೋಗುವ ರೈಲುಮಾರ್ಗದ ಪಕ್ಕದಲ್ಲಿರುವ ಹೂಡಿ ಈ ಎರಡು ಸೀಮೆಗಳ ನಡುವಿನ ನೆಲದಲ್ಲಿದೆ. ಜೀ.ಶಂ. ಪರಮಶಿವಯ್ಯನವರು ಮೂಡಲಪಾಯದ ಪ್ರಸಂಗಗಳನ್ನು ಸಂಗ್ರಹಿಸಿ ಅಧ್ಯಯನ ನಡೆಸುವವರೆಗೆ, ಕರಾವಳಿಯ ಯಕ್ಷಗಾನಕ್ಕೆ ದೊರೆತ ವಿದ್ವತ್ತಿನ ಗಮನ ಈ ಪ್ರಕಾರಕ್ಕೆ ದೊರೆತಿರಲಿಲ್ಲ.

ಸುಗ್ಗಿ ಕಳೆದ ಮೇಲೆ, ಊರಹಬ್ಬ ಜಾತ್ರೆಗಳ ಕಾಲದಲ್ಲಿ, ಗುಡಿಯ ಮುಂದಿನ ಬಯಲಿನಲ್ಲಿ ಕಂಬ ನೆಟ್ಟು ಚಪ್ಪರ ಹಾಕಿದರೆ ರಂಗ ಸಿದ್ಧವಾಗುತ್ತದೆ. ಹಿಂದುಗಡೆ ವೇಷ ಕಟ್ಟುವ ಜಾಗ. ಮುಂದೆ ಮತ್ತು ಇಕ್ಕೆಲಗಳಲ್ಲಿ ಜನ. ಭಾಗವತ, ಮದ್ದಳೆ, ತಾಳ, ಮುಖವೀಣೆಗಳ ಹಿಮ್ಮೇಳ ಎಲ್ಲರಿಗೂ ಕಾಣುವಂತೆ ರಂಗದಲ್ಲೇ ಇರುತ್ತದೆ. ಇಬ್ಬರು ಹಿಡಿದ ತೆರೆಯ ಹಿಂದಿನಿಂದ ಪಾತ್ರ ಪ್ರವೇಶಿಸುತ್ತದೆ. ಸಾರಥಿಯು ಬಂದವನ ಹೆಸರು, ಊರು, ಬಂದ ಕಾರ್ಯಗಳನ್ನು ಕೇಳುತ್ತಾನೆ. ಪಾತ್ರವು ತನ್ನ ಪರಾಕ್ರಮವನ್ನು ಸಾರಿಕೊಳ್ಳುತ್ತದೆ. ಪಾತ್ರ ಒಂದು ಸುತ್ತು ಕುಣಿದರೆ ಅರಮನೆ ಹೋಗಿ ಅರಣ್ಯ ಬರುತ್ತದೆ.

ಇಲ್ಲಿ ಕಾಣುವ ನಿಜವಾದ ಸಾಮ್ಯ ದೃಶ್ಯಸಜ್ಜಿಕೆಯ ಅಭಾವಕ್ಕಿಂತ ಆಳವಾದುದು. ಎರಡೂ ರಂಗಗಳಲ್ಲಿ ಪ್ರೇಕ್ಷಕನು ನಟನನ್ನು ನೋಡುವಾಗ ಆತನ ಆಚೆಗಿರುವ ಇನ್ನೊಬ್ಬ ಪ್ರೇಕ್ಷಕನನ್ನೂ ನೋಡುತ್ತಾನೆ. ಹಗಲ ಬೆಳಕಿನ ಅಂಗಳದಲ್ಲಾಗಲಿ, ಪಂಜಿನ ಅಥವಾ ಗ್ಯಾಸ್‌ಲೈಟಿನ ಬೆಳಕಿನಲ್ಲಾಗಲಿ, ತಾನು ಒಂದು ಸಮುದಾಯದ ನಡುವೆ ಇದ್ದೇನೆಂಬ ಅರಿವು ಮರೆಯಾಗುವುದಿಲ್ಲ. ಸಾರಥಿಯ ಪ್ರಶ್ನೆಯಾಗಲಿ, ಶೇಕ್ಸ್‌ಪಿಯರನ ವಿದೂಷಕನು ಅಂಗಳದವರಿಗೆ ನೇರವಾಗಿ ಆಡುವ ಮಾತಾಗಲಿ, ಈ ಅರಿವನ್ನೇ ನೆಚ್ಚಿಕೊಂಡಿವೆ. ಇಂಥ ರಂಗಕ್ಕೆ ಬರೆದ ಮಾತನ್ನು ಕತ್ತಲಲ್ಲಿ ಕುಳಿತ ಪ್ರೇಕ್ಷಕರ ಮುಂದೆ ಆಡಿದಾಗ ಅದರ ಅರ್ಧ ಸತ್ವ ಸೋರಿಹೋಗುತ್ತದೆ.

3. ವ್ಯತ್ಯಾಸ: ಹಣ ಯಾರದು?

ಸಾಮ್ಯವನ್ನು ಇಲ್ಲಿಗೇ ನಿಲ್ಲಿಸುವುದು ತಪ್ಪಾಗುತ್ತದೆ. ಲಂಡನ್ನಿನ ನಾಟಕಶಾಲೆಗೆ ಬಾಗಿಲಿತ್ತು. ಬಾಗಿಲಲ್ಲಿ ಹಣ ಪಡೆಯುವವನಿದ್ದನು. ಬಯಲಿಗೆ ಬಾಗಿಲಿಲ್ಲ. ಬಯಲಾಟದ ವೆಚ್ಚ ಊರವರ ವಂತಿಗೆ, ಹರಕೆ, ಮುಖಂಡರ ಕೊಡುಗೆಗಳಿಂದ ಬರುತ್ತದೆ. ನೋಡಲು ಬಂದವನು ಗಿರಾಕಿಯಾಗಿರುವುದಿಲ್ಲ. ಗ್ಲೋಬಿನಲ್ಲಿ ಆಟ ಎರಡು ಮೂರು ಗಂಟೆಗಳಲ್ಲಿ ಮುಗಿಯಬೇಕು, ನಾಳೆ ಬೇರೆ ಆಟಕ್ಕೆ ಜನ ಬರಬೇಕು. ಬಯಲಾಟ ಇರುಳಿಡೀ ನಡೆದು ಬೆಳಗಿನ ಮಂಗಳದಲ್ಲಿ ಮುಗಿಯುತ್ತದೆ. ಜನರಿಗೆ ಕಥೆ ಮೊದಲೇ ಗೊತ್ತು. ಹೊಸ ನಾಟಕಗಳ ಹಸಿವು ಲಂಡನ್ನಿನ ಕವಿಗಳನ್ನು ಬೆಳೆಸಿತು. ಗೊತ್ತಿರುವ ಕಥೆಯನ್ನು ಮತ್ತೆ ಕಾಣುವ ಹಂಬಲ ಇಲ್ಲಿಯ ಭಾಗವತರನ್ನು ಬೆಳೆಸಿತು. ಪ್ರದರ್ಶನದುದ್ದಕ್ಕೂ ಕಥೆಯನ್ನು ಹಿಡಿದು ನಡೆಸುವ ಭಾಗವತನಿಗೆ ಎಲಿಜಬೆತ್ ಯುಗದ ರಂಗದಲ್ಲಿ ಸಮಾನನಾದವನು ಇಲ್ಲ.

ಬಯಲಾಟದ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿದ ಪೌರಾಣಿಕ ನಾಟಕದಲ್ಲಿ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟ. ಬೆಂಗಳೂರು ಸುತ್ತಿನ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಕಲಿಯುವವರು ರೈತರು, ಅಂಗಡಿಕಾರರು, ಕಾರ್ಖಾನೆಯ ನೌಕರರು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರಧಾರಿಯು ತನ್ನ ಮಾತು, ಹಾಡು, ಕಂದಗಳನ್ನು ನೋಟುಪುಸ್ತಕದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾನೆ. ಲಂಡನ್ನಿನ ನಟನ ಸುರುಳಿಗೂ ಈ ನೋಟುಪುಸ್ತಕಕ್ಕೂ ಹೋಲಿಕೆ ಉಂಟು. ಆದರೆ ಇಲ್ಲಿ ಪಾತ್ರಧಾರಿಯೇ ಪಾತ್ರಕ್ಕೆ ಹಣ ತೆರುತ್ತಾನೆ. ದುರ್ಯೋಧನ, ಕೃಷ್ಣರಂಥ ಪಾತ್ರಗಳಿಗೆ ಹೆಚ್ಚು, ಸಣ್ಣ ಪಾತ್ರಗಳಿಗೆ ಕಡಿಮೆ. ಆ ಹಣದಲ್ಲಿ ಮೇಷ್ಟ್ರ ಸಂಭಾವನೆ, ಸೀನರಿ ಮತ್ತು ಉಡುಪಿನ ಬಾಡಿಗೆ, ಸ್ತ್ರೀಪಾತ್ರಕ್ಕೆ ಕರೆಸುವ ಕಲಾವಿದೆಯರ ಗೌರವಧನ ಹೊಂದುತ್ತವೆ. ಗ್ಲೋಬಿನ ನಟ ಲಾಭದ ಪಾಲುದಾರ. ಇಲ್ಲಿಯ ಪಾತ್ರಧಾರಿ ವೆಚ್ಚದ ಪಾಲುದಾರ. ಒಂದಿರುಳು ಊರವರ ಮುಂದೆ ದುರ್ಯೋಧನನಾಗುವ ಮರ್ಯಾದೆಯೇ ಆತನ ಗಳಿಕೆ. ಇದನ್ನು ಹವ್ಯಾಸವೆಂದು ತಳ್ಳಿಹಾಕುವ ವಿಮರ್ಶೆಯು ಈ ರಂಗದ ಅರ್ಥವ್ಯವಸ್ಥೆಯನ್ನು ಗ್ರಹಿಸಿಲ್ಲವೆನ್ನಬೇಕು.

4. ನಾಟಕ ಬಂದಿತು, ನಾಟಕಶಾಲೆ ಬರಲಿಲ್ಲ

ಶೇಕ್ಸ್‌ಪಿಯರ್ ಕನ್ನಡಕ್ಕೆ ಬಂದ ದಾರಿಯನ್ನು ನೋಡಿದರೆ ವಿಪರ್ಯಾಸವೊಂದು ಕಾಣುತ್ತದೆ. ಬಸವಪ್ಪಶಾಸ್ತ್ರಿಗಳ 'ಶೂರಸೇನ ಚರಿತ್ರೆ'ಯಲ್ಲಿ ಒಥೆಲೊ, ಎಂ.ಎಲ್. ಶ್ರೀಕಂಠೇಶಗೌಡರ 'ಪ್ರತಾಪರುದ್ರದೇವ'ದಲ್ಲಿ ಮ್ಯಾಕ್‌ಬೆತ್ ಕನ್ನಡದ ಉಡುಗೆ ತೊಟ್ಟವು. ಆ ಕಾಲದ ಅರಮನೆಯ ಕಂಪನಿಯಾಗಲಿ, ಅನಂತರದ ವೃತ್ತಿಕಂಪನಿಗಳಾಗಲಿ ಪಾರ್ಸಿ ರಂಗಭೂಮಿಯ ಪ್ರಭಾವದಲ್ಲಿ ಚೌಕಟ್ಟಿನ ರಂಗವನ್ನೂ ಬಣ್ಣದ ಪರದೆಗಳನ್ನೂ ಒಪ್ಪಿಕೊಂಡಿದ್ದವು. ತೆರೆದ ರಂಗಕ್ಕೆ ಬರೆದ ನಾಟಕಗಳು ಹೀಗೆ ಮುಚ್ಚಿದ ರಂಗದ ಮೂಲಕ ಬಂದವು. ಅವುಗಳಿಗೆ ಹೊಂದುವ ತೆರೆದ ರಂಗವಾದರೋ ಊರೂರಿನ ಗುಡಿಯ ಮುಂದೆ ಅದಾಗಲೇ ಇತ್ತು. ವಿದ್ಯಾವಂತರ ಕಣ್ಣಿಗೆ ಇವೆರಡರ ಸಂಬಂಧ ಬೀಳಲಿಲ್ಲ.

ಚೌಕಟ್ಟಿನ ರಂಗದ ಆಕರ್ಷಣೆ ಎಷ್ಟಿತ್ತೆಂಬುದಕ್ಕೆ ಗುಬ್ಬಿ ವೀರಣ್ಣನವರ ಕಂಪನಿ 1934ರಲ್ಲಿ ಆನೆ ಕುದುರೆಗಳನ್ನು ರಂಗದ ಮೇಲೆ ತಂದು ಆಡಿದ 'ಕುರುಕ್ಷೇತ್ರ'ವೇ ನಿದರ್ಶನ. ಹೇಳಿ ಕಾಣಿಸುತ್ತಿದ್ದುದನ್ನು ತಂದು ತೋರಿಸುವ ಈ ವೈಭವ ಹಳ್ಳಿಯನ್ನೂ ತಲುಪಿತು. ಪೌರಾಣಿಕ ನಾಟಕ ಬಯಲಿನಲ್ಲೇ ನಡೆದರೂ ಬಾಡಿಗೆಯ ಸೀನರಿಯೊಂದಿಗೆ ಚೌಕಟ್ಟು ಬಂದಿತು. ಮೂರು ಕಡೆ ಇದ್ದ ಜನ ಒಂದು ಕಡೆಗೆ ಸರಿದರು. ಬಯಲಾಟದ ಅಂಗಳವನ್ನು ನಗರೀಕರಣವೊಂದೇ ನುಂಗಿತೆಂಬ ಸುಲಭದ ತೀರ್ಮಾನಕ್ಕೆ ಇದು ತಿದ್ದುಪಡಿ. ನೆಲ ಹೋಗುವುದಕ್ಕೆ ಮುಂಚೆಯೇ ನೋಡುವ ಕ್ರಮ ಬದಲಾಗಿತ್ತು.

ಮರುಶೋಧನೆ ನಡೆದದ್ದು ಬಹಳ ತಡವಾಗಿ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಗಾಗಿ ಮ್ಯಾಕ್‌ಬೆತ್ ನಾಟಕವನ್ನು 'ಬರ್ನಂ ವನ' ಎಂಬ ಹಿಂದೀ ರೂಪದಲ್ಲಿ ಯಕ್ಷಗಾನದ ಗತಿಲಯಗಳೊಂದಿಗೆ ನಿರ್ದೇಶಿಸಿದರು. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರವು ಪ್ರೇಕ್ಷಕರ ನಡುವೆ ಮುಂಚಾಚಿದ ರಂಗವನ್ನು ಆರಿಸಿಕೊಂಡಿತು. ದಿನವೂ ನಾಟಕ ನಡೆಸುವ ಅದರ ಗುರಿಯಲ್ಲಿ ಹೆನ್ಸ್‌ಲೋನ ಕಾಲದ ನೆನಪು ಸುಳಿಯುತ್ತದೆ. ಹೂಡಿಗೆ ಕೆಲವೇ ಕಿಲೋಮೀಟರ್ ದೂರದ ವೈಟ್‌ಫೀಲ್ಡ್‌ನಲ್ಲಿ 2011ರಲ್ಲಿ 'ಜಾಗೃತಿ' ರಂಗಮಂದಿರ ಆರಂಭವಾಯಿತು. ಅಂಚಿನ ಈ ಸೀಮೆಗೆ ಬಾಗಿಲೂ ಟಿಕೇಟೂ ಉಳ್ಳ ನಾಟಕಶಾಲೆ ಹೀಗೆ ಬಂದಿತು. ಅದರ ಪ್ರೇಕ್ಷಕರು ಬಹುತೇಕ ಹೊಸದಾಗಿ ಬಂದು ನೆಲೆಸಿದ ನಗರವಾಸಿಗಳು.

5. ಅಂಚು ಮತ್ತು ಅಡಿಪಾಯ

ಲಂಡನ್ನಿನಲ್ಲಿ ನಾಟಕಶಾಲೆ ನಗರವನ್ನು ತಪ್ಪಿಸಿಕೊಂಡು ಅಂಚಿಗೆ ಹೋಯಿತು. ಹೂಡಿ ಸೀಮೆಯಲ್ಲಿ ರಂಗ ಇದ್ದಲ್ಲೇ ಇದ್ದು, ನಗರವೇ ಅದರ ಬಳಿಗೆ ಬಂದಿತು. 1990ರ ದಶಕದಲ್ಲಿ ಅಂತಾರಾಷ್ಟ್ರೀಯ ತಂತ್ರಜ್ಞಾನ ಉದ್ಯಾನ ಸಮೀಪದಲ್ಲೇ ತಲೆಯೆತ್ತಿತು. 2007ರಲ್ಲಿ ಮಹದೇವಪುರ ನಗರಸಭೆಯ ಪ್ರದೇಶವು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2023ರ ಮಾರ್ಚಿನಲ್ಲಿ ಹೂಡಿಯ ಮೂಲಕ ಮೆಟ್ರೊ ರೈಲು ಓಡಿತು. ಆಟದ ಬಯಲು ಸಾಮಾನ್ಯವಾಗಿ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಗುಡಿಯ ಮುಂದಿನ ಜಾಗ, ಕಣ, ಕೆರೆಯಂಗಳದ ಬಯಲು ಎಲ್ಲರವಾಗಿದ್ದವು. ನೆಲಕ್ಕೆ ಬೆಲೆ ಬಂದಾಗ ಯಾರದೂ ಅಲ್ಲದ ನೆಲವೇ ಮೊದಲು ಕರಗುತ್ತದೆ. ಗುತ್ತಿಗೆ ಕಳೆದುಕೊಂಡ ಬರ್ಬೇಜನ ಮಕ್ಕಳಿಗೆ ಬಿಚ್ಚಿ ಒಯ್ಯಲು ಮರಮುಟ್ಟುಗಳಾದರೂ ಇದ್ದವು. ಮರುದಿನವೇ ಚಪ್ಪರ ಬಿಚ್ಚುವ ರಂಗಕ್ಕೆ ಒಯ್ಯಲು ಏನೂ ಇರುವುದಿಲ್ಲ.

ಸಂಶೋಧನೆಯ ದೃಷ್ಟಿಯಿಂದ ಈ ವ್ಯತ್ಯಾಸವೇ ನಿರ್ಣಾಯಕ. ಗ್ಲೋಬ್ 1613ರಲ್ಲಿ ಸುಟ್ಟು, ಮರುವರ್ಷ ಮತ್ತೆ ಎದ್ದು, 1642ರಲ್ಲಿ ಎಲ್ಲ ನಾಟಕಶಾಲೆಗಳೊಂದಿಗೆ ಮುಚ್ಚಿಹೋಯಿತು. ಆದರೂ 1989ರಲ್ಲಿ ಕಚೇರಿ ಕಟ್ಟಡವೊಂದಕ್ಕೆ ನೆಲ ಅಗೆಯುವಾಗ ರೋಸ್ ನಾಟಕಶಾಲೆಯ ಅಡಿಪಾಯ ಕಂಡಿತು. ಅದನ್ನು ಉಳಿಸಲು ನಟರು, ವಿದ್ವಾಂಸರು ಬೀದಿಗಿಳಿದರು. ಕಟ್ಟಡದ ವಿನ್ಯಾಸವನ್ನೇ ಬದಲಿಸಿ ಅವಶೇಷವನ್ನು ಕೆಳಗೆ ಉಳಿಸಿಕೊಳ್ಳಲಾಯಿತು. 2008ರಲ್ಲಿ 'ದಿ ಥಿಯೇಟರ್'ನ ಅಡಿಪಾಯ ದೊರೆಯಿತು. 2016ರ ಉತ್ಖನನದಲ್ಲಿ ಕರ್ಟನ್ ನಾಟಕಶಾಲೆ ದುಂಡಗಿನದಲ್ಲ, ಆಯತಾಕಾರದ್ದೆಂದು ತಿಳಿದು ಹಳೆಯ ಊಹೆಗಳು ಬಿದ್ದವು. ಕಲ್ಲು, ಇಟ್ಟಿಗೆ, ಕರಾರುಪತ್ರ, ಲೆಕ್ಕದ ಪುಸ್ತಕಗಳು ನಾಲ್ಕು ಶತಮಾನಗಳ ಮೇಲೂ ಸಾಕ್ಷಿ ನುಡಿಯುತ್ತವೆ.

ಹೂಡಿ, ಕಾಡುಗೋಡಿ, ವರ್ತೂರುಗಳ ಬಯಲನ್ನು ಯಾರು ಎಷ್ಟು ಆಳ ಅಗೆದರೂ ರಂಗದ ಅಡಿಪಾಯ ಸಿಗದು. ಇಲ್ಲಿಯ ಅಡಿಪಾಯ ಇರುವುದು ವಯಸ್ಸಾದ ಭಾಗವತರ ಮತ್ತು ಮೇಷ್ಟ್ರುಗಳ ನೆನಪಿನಲ್ಲಿ, ಪಾತ್ರಧಾರಿಗಳ ನೋಟುಪುಸ್ತಕಗಳಲ್ಲಿ, ವಂತಿಗೆಯ ಪಟ್ಟಿಗಳಲ್ಲಿ, ಆಟದ ಕರಪತ್ರಗಳಲ್ಲಿ. ಜಾನಪದ ಅಧ್ಯಯನವು ಇದುವರೆಗೆ ಪ್ರಸಂಗದ ಪಠ್ಯವನ್ನು ಸಂಗ್ರಹಿಸಲು ತೋರಿದ ಆಸ್ಥೆಯನ್ನು ರಂಗದ ಸ್ಥಳ ಮತ್ತು ವ್ಯವಹಾರಗಳ ಬಗ್ಗೆ ತೋರಿಲ್ಲ. ಆಟ ಯಾವ ಬಯಲಿನಲ್ಲಿ ನಡೆಯುತ್ತಿತ್ತು, ಜನ ಯಾವ ಕಡೆ ಕೂರುತ್ತಿದ್ದರು, ಹೆಂಗಸರಿಗೆ ಎಲ್ಲಿ ಜಾಗ, ಯಾವ ಕೇರಿಯವರು ಎಷ್ಟು ದೂರದಲ್ಲಿ ನಿಲ್ಲಬೇಕಾಗಿತ್ತು, ಯಾರು ಎಷ್ಟು ವಂತಿಗೆ ಕೊಟ್ಟರು, ಆ ಬಯಲು ಇಂದು ಏನಾಗಿದೆ ಎಂಬ ಪ್ರಶ್ನೆಗಳನ್ನು ಊರೂರಿಗೆ ಹೋಗಿ ಕೇಳಬೇಕಾಗಿದೆ. ಪೆನ್ನಿಯ ಲೆಕ್ಕದಲ್ಲಿ ಅಂಗಳ ಮತ್ತು ಮೊಗಸಾಲೆಗಳು ಬೇರೆಯಾದಂತೆ, ಬಾಗಿಲಿಲ್ಲದ ಬಯಲಿನಲ್ಲೂ ಜಾತಿಯ ಲೆಕ್ಕದ ಗೆರೆಗಳಿದ್ದವು. ಅವುಗಳನ್ನು ಮರೆಮಾಚುವ ದಾಖಲಾತಿ ಅಪೂರ್ಣವೇ ಸರಿ.

ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಕೈಗೊಳ್ಳಬೇಕಾದ ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. ಲಂಡನ್ನಿನ ವಿದ್ವಾಂಸರು ಕಾಯಬಹುದಾಗಿತ್ತು, ನೆಲ ಅವರಿಗಾಗಿ ಕಾದಿತ್ತು. ಹೂಡಿ ಸೀಮೆಯಲ್ಲಿ ಬಯಲಾಟದ ಇರುಳನ್ನು ಕಂಡವರ ತಲೆಮಾರು ಮುಗಿದ ಮೇಲೆ ಕೇಳಲು ಯಾರೂ ಇರುವುದಿಲ್ಲ.